ಅಪ್‌ಡೇಟ್: ಡ್ರಿಫ್ಟ್‌ವುಡ್ ಮೇಲಿನ ಬಿಳಿ ಲೋಳೆ ಹೋಯಿತು

ಅಕ್ವೇರಿಯಂಗೆ ಹಾಕಿದ ಹೊಸ ಡ್ರಿಫ್ಟ್‌ವುಡ್ (ಅಲಂಕಾರಕ್ಕೆ ಇಡುವ ಮರದ ತುಂಡು) ಮೇಲೆ ಹತ್ತಿಯಂಥ ಬಿಳಿ ಲೋಳೆ ಬೆಳೆಯುತ್ತಿದೆ, ಕಟ್ಟಿಗೆ ಎಸೆದುಬಿಡಲಾ ಅಂತ ಕೇಳಿದ್ದೆ ಅಲ್ವಾ? ಎಸೆಯಲಿಲ್ಲ. ಮೀನುಗಳೆಲ್ಲ ಆರಾಮಾಗಿವೆ.

ನಿಮ್ಮಲ್ಲಿ ಹಲವರು ಹೇಳಿದಂತೆ ಅದು ಬಯೋಫಿಲ್ಮೇ, ಅಂದರೆ ಸೂಕ್ಷ್ಮಜೀವಿಗಳ ಲೋಳೆ ಪದರ. ಹೊಸ ಮರ ಬಿಡುವ ಸಕ್ಕರೆ ಅಂಶ ತಿಂದು ಬ್ಯಾಕ್ಟೀರಿಯಾ, ಫಂಗಸ್ ಬೆಳೆಯುತ್ತವೆ, ಆ ಆಹಾರ ಮುಗಿದರೆ ತಾನಾಗಿ ನಿಲ್ಲುತ್ತದೆ. ಆದರೆ ನಮ್ಮದು ತುಂಬಾ ದಪ್ಪಗಿತ್ತು, ಕೊಂಬೆಯ ತುದಿಯಿಂದ ಎಳೆ ಎಳೆಯಾಗಿ ಜೋಲುತ್ತಿತ್ತು, ನೋಡಿಕೊಂಡು ಸುಮ್ನೆ ಕೂರಲು ಮನಸ್ಸಾಗಲಿಲ್ಲ. ಹೊರಗೆ ತೆಗೆದು ಹೊಸ ಟೂತ್‌ಬ್ರಷ್‌ನಲ್ಲಿ ಉಜ್ಜಿದೆ, ಸೋಪು ಮುಟ್ಟಿಸಲಿಲ್ಲ. ಆಮೇಲೆ ದೊಡ್ಡ ಪಾತ್ರೆಯಲ್ಲಿ ನೀರು ಬದಲಿಸುತ್ತಾ ಚೆನ್ನಾಗಿ ಕುದಿಸಿದೆ. ಮೊದಲ ನೀರು ಕಡು ಕಂದು! ಅದು ಟ್ಯಾನಿನ್, ಮರ ಬಿಡುವ ಕಂದು ಬಣ್ಣದ ಅಂಶ, ಭಯ ಬೇಡ, ಮೀನಿಗೆ ತೊಂದರೆಯಿಲ್ಲ.

ವಾಪಸ್ ಹಾಕಿದ ಮೇಲೆ ತೆಳ್ಳಗೆ ಇನ್ನೊಮ್ಮೆ ಬಂತು. ಈ ಸಲ ಕೈ ಹಾಕಲಿಲ್ಲ. ಚೆರ್ರಿ ಶ್ರಿಂಪ್ (ಪುಟ್ಟ ಸಿಗಡಿ) ಬಿಟ್ಟೆ, ಅವು ಸಂದುಸಂದಿಗೂ ನುಗ್ಗಿ ಪುಟ್ಟ ಕಾಲುಗಳಿಂದ ಕೆರೆದು ಕೆರೆದು ತಿಂದವು, ನೋಡುತ್ತಾ ಕೂತರೆ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ. ಲೋಳೆ ಸಾಯಲು ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ಅಂತ ಒಬ್ಬರು ಹೇಳಿದ್ದರು. ಶ್ರಿಂಪ್ ಇರುವ ಟ್ಯಾಂಕಿನಲ್ಲಿ ಅದು ಜಾಸ್ತಿಯಾದರೆ ಅಪಾಯ, ಹಾಗಾಗಿ ಬೇಡವೆನಿಸಿತು.

ಕಟ್ಟಿಗೆ ಒತ್ತಿದರೆ ಮೆತ್ತಗಾಗಿ ಕುಸಿಯುತ್ತಿದ್ದರೆ, ಕೊಳೆತ ಮೊಟ್ಟೆಯ ವಾಸನೆ ಬಂದರೆ ಮಾತ್ರ ಇದೆಲ್ಲ ಮಾಡಬೇಡಿ, ಕೂಡಲೇ ತೆಗೆದುಹಾಕಿ. ನಮ್ಮದು ಗಟ್ಟಿಯಾಗಿಯೇ ಇದೆ. ಈಗ ಅದಕ್ಕೆ ಅನೂಬಿಯಾಸ್ ಅನ್ನೋ ಅಕ್ವೇರಿಯಂ ಗಿಡ ಕಟ್ಟಿದ್ದೇನೆ. ಉತ್ತರ ಕೊಟ್ಟವರಿಗೆಲ್ಲ ತುಂಬಾ ಥ್ಯಾಂಕ್ಸ್.