‘ಪ್ರಿಫರೆನ್ಸ್’ ಅಂದರೆ ಆದ್ಯತೆಯೋ, ಸರದಿಯೋ, ಇಷ್ಟವೋ?

ಎಲ್ಲರಿಗೂ ನಮಸ್ಕಾರ.

ಆಪ್ ಬರೆಯುವವರಿಗಾಗಿ ಇರುವ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೆಟ್‌ವರ್ಕ್ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ‘ಪ್ರಿಫರೆನ್ಸ್’ ಕಂಡಲ್ಲೆಲ್ಲ ‘ಆದ್ಯತೆ’ ಎಂದು ಬರೆಯುತ್ತಾ ಹೋದೆ. ಎರಡು ಪುಟ ಸಲೀಸಾಗಿ ಸಾಗಿತು. ಆಮೇಲೆ ಮೇಲ್ ಸರ್ವರ್ ಬಂತು.

ಡಿಎನ್‌ಎಸ್ ಅಂದರೆ ಡೊಮೈನ್ ಹೆಸರುಗಳ ವಿಳಾಸ ಪುಸ್ತಕ. ಅದರಲ್ಲಿ ಮೇಲ್ ಯಾವ ಸರ್ವರ್‌ಗೆ ಹೋಗಬೇಕೆಂದು ಹೇಳುವ ಎಂಎಕ್ಸ್ ರೆಕಾರ್ಡ್ ತುಂಬಿದವರಿಗೆ ಇದು ಗೊತ್ತು. ಒಂದು ಡೊಮೈನ್‌ಗೆ ಎರಡು ಮೇಲ್ ಸರ್ವರ್ ಇದ್ದರೆ ಒಂದಕ್ಕೆ 10, ಇನ್ನೊಂದಕ್ಕೆ 20 ಎಂದು ಕೊಡುತ್ತಾರೆ. ಆ ಸಂಖ್ಯೆಯ ಹೆಸರೇ ಪ್ರಿಫರೆನ್ಸ್. ಮೊದಲು 10ರ ಬಾಗಿಲು ತಟ್ಟಬೇಕು. ಅದು ತೆರೆಯದಿದ್ದರೆ 20. ನಾನು ‘ಕಡಿಮೆ ಆದ್ಯತೆಯ ಸರ್ವರ್‌ಗೆ ಮೊದಲು ಹೋಗುತ್ತದೆ’ ಎಂದು ಬರೆದಿದ್ದೆ. ಓದಿದ ಗೆಳೆಯ, ‘ಕಡಿಮೆ ಆದ್ಯತೆ ಅಂದ್ರೆ ಕೊನೆಗೆ ಹೋಗಬೇಕಲ್ವಾ?’ ಎಂದ. ಸರಿಯಾದ ಮಾತು. ಇಲ್ಲಿ ‘ಸರದಿ’ ಹೊಂದುತ್ತದೆ. ಸರದಿ 10, ಸರದಿ 20. ರೇಷನ್ ಅಂಗಡಿಯಲ್ಲಿ ನಿಂತವರಿಗೆ ವಿವರಣೆಯೇ ಬೇಡ. ಎರಡಕ್ಕೂ 10 ಇಟ್ಟು ಹೊರೆ ಹಂಚಿದಾಗ ಮಾತ್ರ ಈ ಪದ ಸ್ವಲ್ಪ ಕುಂಟುತ್ತದೆ.

ಆದರೆ ಪ್ರಾಕ್ಸಿ (ನಮಗೂ ಇಂಟರ್ನೆಟ್‌ಗೂ ನಡುವೆ ನಿಲ್ಲುವ ಸರ್ವರ್) ಬೇಕೋ ಬೇಡವೋ, ಐಪಿ ವಿಳಾಸ ತಾನಾಗಿ ಸಿಗಬೇಕೋ ನಾವೇ ತುಂಬಬೇಕೋ, ಇವೂ ಪ್ರಿಫರೆನ್ಸೇ. ಇಲ್ಲಿ ಸರದಿಯೂ ಇಲ್ಲ, ಆದ್ಯತೆಯೂ ಇಲ್ಲ. ಸುಮ್ನೆ ಬಳಸುವವರ ಇಷ್ಟ. ‘ಒಲವು’ ಚೆಂದದ ಪದ. ಆದರೆ ಮೆನುವಿನಲ್ಲಿ ‘ನೆಟ್‌ವರ್ಕ್ ಒಲವುಗಳು’ ಎಂದು ಕಂಡರೆ ಭಾವಗೀತೆ ಶುರುವಾದ ಹಾಗಿರುತ್ತದೆ. ‘ಸಂರಚನೆ’ಯನ್ನು ಕಾನ್ಫಿಗರೇಶನ್‌ಗೆ ಕೊಟ್ಟಾಗಿದೆ. ಅದನ್ನೂ ಮಾತಿನಲ್ಲಿ ಯಾರೂ ಆಡುವುದಿಲ್ಲ, ‘ಸೆಟಿಂಗ್ಸ್’ ಅಂತಲೇ ಅನ್ನುತ್ತಾರೆ.

ಇನ್ನು ‘ವರ್ಷನ್’. ‘ಆವೃತ್ತಿ’ ಬೇರೂರಿದೆ, ಕೀಳುವ ಆಸೆಯಿಲ್ಲ. ರುದ್ರ ಪಠಣದಲ್ಲಿ ಆವೃತ್ತಿ ಎಂದರೆ ಅದೇ ಪಾಠವನ್ನು ಅಕ್ಷರ ಬದಲಿಸದೆ ಮತ್ತೆ ಹೇಳುವುದು. ನಮ್ಮ ಕಸುಬಿನಲ್ಲಿ ಬದಲಾದರೇ ಹೊಸ ಆವೃತ್ತಿ! ಅದಿರಲಿ, ನನ್ನ ತೊಡಕು 2.4.1ರಂಥ ಮೂರು ಅಂಕಿಗಳದ್ದು. ಆವೃತ್ತಿಗೆ ಅಂಕಿ ಕೊಡುವ ಸೆಮ್‌ವರ್ (ಸೆಮ್ಯಾಂಟಿಕ್ ವರ್ಷನಿಂಗ್) ಪದ್ಧತಿಯಲ್ಲಿ ಮೊದಲನೆಯದು ಏರಿದರೆ ಹಳೆಯ ಕೋಡ್ ಕೈಕೊಡಬಹುದು. ನಡುವಿನದು ಏರಿದರೆ ಹೊಸ ಸೌಲಭ್ಯ ಸೇರಿದೆ, ಹಳೆಯದು ಕೆಟ್ಟಿಲ್ಲ. ಕೊನೆಯದು ಬರೀ ದೋಷ ತಿದ್ದಿದ್ದು. ಕೊನೆಯದಕ್ಕೆ, ಅಂದರೆ ‘ಪ್ಯಾಚ್’ಗೆ, ‘ತೇಪೆ’ ಹಾಕಿದ್ದೇನೆ, ಖುಷಿಯಾಗಿದೆ. ಉಳಿದ ‘ಮೇಜರ್’, ‘ಮೈನರ್’ ಎರಡಕ್ಕೆ ‘ಹಿರಿ’, ‘ಕಿರಿ’ ಅಂದರೆ ನಡೆಯುತ್ತದೆಯೇ? ‘ಪ್ರಮುಖ’, ‘ಅಪ್ರಮುಖ’ ಬೇಡ. ಹೊಸ ಸೌಲಭ್ಯ ಅಪ್ರಮುಖ ಹೇಗಾದೀತು?

ಕೆಲಸದ ಜಾಗದಲ್ಲಿ ನೀವು ನಿಜವಾಗಿ ಆಡುವ ಪದ ತಿಳಿಸಿ. ‘ಪ್ರಿಫರೆನ್ಸ್ ಅಂತಲೇ ಇರಲಿ ಬಿಡಿ’ ಅಂದರೂ ಬೇಸರವಿಲ್ಲ.