ರಕ್ತ ನಿಲ್ಲದ ಕಾಯಿಲೆಗೆ ಅಂತ ಒಂದು ತಿಂಗಳು ಬೇಕಾ? ನಮ್ಮ ಜಿಲ್ಲೆಯವರು ಹೇಳಿ

ಹರಿಹರದ ಅಮ್ಮ:
ರಕ್ತಸ್ರಾವದ ಕಾಯಿಲೆಗಳ ಬಗ್ಗೆ ಜನರಿಗೆ ತಿಳಿಸಲು ಅಮೆರಿಕದಲ್ಲಿ ಮಾರ್ಚ್ ತಿಂಗಳನ್ನೇ ಮೀಸಲಿಟ್ಟಿದ್ದಾರೆ. 1986ರಲ್ಲಿ ಅಧ್ಯಕ್ಷ ರೇಗನ್ ಅದನ್ನು ಹಿಮೋಫಿಲಿಯಾ ತಿಂಗಳು ಎಂದು ಘೋಷಿಸಿದ್ದರು. 2016ರಲ್ಲಿ ಅಲ್ಲಿನ ಆರೋಗ್ಯ ಇಲಾಖೆ ಇಂಥ ಎಲ್ಲ ಕಾಯಿಲೆಗಳಿಗೂ ಸೇರಿಸಿ ಅಧಿಕೃತ ಮಾಡಿತು. ನಮ್ಮ ರಾಜ್ಯದಲ್ಲೂ ಹಾಗೆ ಮಾರ್ಚನ್ನು ಘೋಷಿಸಲಿ ಎಂದು ಮನವಿ ಬರೆಯುತ್ತಿದ್ದೇನೆ.

ನನ್ನ ಮಗನಿಗೆ ಹಿಮೋಫಿಲಿಯಾ ಎ. ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಅವನಲ್ಲಿ ಕಮ್ಮಿ. ಹಾಲುಹಲ್ಲು ಬಿದ್ದ ರಾತ್ರಿ ನಾಲ್ಕು ಸಲ ದಿಂಬಿನ ಕವರ್ ಬದಲಾಯಿಸಿದೆ. ಬೆಳಿಗ್ಗೆ ಕ್ಲಿನಿಕ್‌ನಲ್ಲಿ ಹತ್ತಿ ಕಚ್ಚಿಸಿ ಮನೆಗೆ ಕಳಿಸಿದರು. ಕಾಯಿಲೆಯ ಹೆಸರು ಗೊತ್ತಾಗಿದ್ದು ಎಂಟು ತಿಂಗಳ ಮೇಲೆ, ಮೊಣಕಾಲು ಊದಿಕೊಂಡಾಗ.

ಜಗಳೂರು ಮೆಡಿಕಲ್ಸ್ ಅಣ್ಣ:
ಅಕ್ಕಾ, ನಿಮ್ಮ ಸಂಕಟ ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಏಪ್ರಿಲ್ 17 ವಿಶ್ವ ಹಿಮೋಫಿಲಿಯಾ ದಿನ ಅಂತ 1989ರಿಂದಲೂ ಇದೆ. ಅದರ ಮೇಲೆ ಒಂದು ತಿಂಗಳು ಯಾಕೆ? ಕೀಲಿನೊಳಗೆ ರಕ್ತ ಇಳಿದರೆ ಎರಡು ಗಂಟೆಯೊಳಗೆ ಫ್ಯಾಕ್ಟರ್ ಇಂಜೆಕ್ಷನ್ ಹಾಕಿದರೆ ಒಳ್ಳೆಯದು ಅನ್ನುತ್ತಾರೆ. ನಮ್ಮ ಕಡೆಯ ಹಳ್ಳಿಯಿಂದ ಬಸ್ ಹಿಡಿದು ದಾವಣಗೆರೆ ಮುಟ್ಟುವಷ್ಟರಲ್ಲೇ ಆ ಹೊತ್ತು ಮುಗಿದಿರುತ್ತದೆ. ಮೊದಲು ತಾಲ್ಲೂಕು ಆಸ್ಪತ್ರೆಯ ಫ್ರಿಜ್‌ನಲ್ಲಿ ಫ್ಯಾಕ್ಟರ್ ಇರಲಿ. ಅದಕ್ಕೆ ಮನವಿ ಬರೆಯಿರಿ, ಮೊದಲ ಸಹಿ ನನ್ನದು.

ಕೋಟೆ ಊರಿನ ಹುಡುಗಿ, ಚಿತ್ರದುರ್ಗ:
ಅಣ್ಣಾ, ಕಾಯಿಲೆ ಇದೆ ಅಂತ ಗೊತ್ತಿರುವವರಿಗೆ ಫ್ಯಾಕ್ಟರ್ ಸರಿ. ಗೊತ್ತೇ ಇಲ್ಲದವರು? ನನಗೆ ಪ್ರತಿ ತಿಂಗಳು ಮುಟ್ಟು ಹತ್ತು ದಿನ. ಗಂಟೆಗೊಂದು ಪ್ಯಾಡ್. ಕಾಲೇಜಿನಲ್ಲಿ ಕೊನೆ ಬೆಂಚಲ್ಲೇ ಕೂರುತ್ತಿದ್ದೆ, ಎಲ್ಲರೂ ಹೋದಮೇಲೆ ಎದ್ದು ಬೆಂಚು ಒರೆಸಬಹುದು ಅಂತ. ಮನೆಯಲ್ಲಿ 'ಉಷ್ಣ, ಎಳನೀರು ಕುಡಿ' ಅಂದರು. ಆರು ವರ್ಷ ಕಬ್ಬಿಣದ ಮಾತ್ರೆ ನುಂಗಿದೆ. ನನ್ನದು ವಾನ್ ವಿಲ್ಲೆಬ್ರಾಂಡ್ ಕಾಯಿಲೆ, ಇದೂ ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆಯೇ. ಇದು ಗಂಡಸರಿಗೂ ಬರುತ್ತದೆ, ಹೆಂಗಸರಿಗೂ ಬರುತ್ತದೆ. ಫಿನ್ಲೆಂಡಿನ ವೈದ್ಯ ವಾನ್ ವಿಲ್ಲೆಬ್ರಾಂಡ್ 1926ರಲ್ಲೇ ಇದರ ಬಗ್ಗೆ ಬರೆದರು. ಅವರು ನೋಡಿದ ಹುಡುಗಿ 13ನೇ ವಯಸ್ಸಿಗೆ, ನಾಲ್ಕನೇ ಮುಟ್ಟಿನಲ್ಲಿ ತೀರಿಕೊಂಡಳು. ನೂರು ವರ್ಷದ ಮೇಲೂ ನಾವು ಎಳನೀರಲ್ಲೇ ಇದ್ದೇವೆ. ಹಿಮೋಫಿಲಿಯಾ ಅಂದರೆ ಗಂಡುಮಕ್ಕಳ ಕಾಯಿಲೆ ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಅದಕ್ಕೇ ನನಗೆ ಆ ಒಂದು ದಿನ ಸಾಲದು.

ಹರಿಹರದ ಅಮ್ಮ:
ತಂಗೀ, ಓದಿ ಕಣ್ಣು ತುಂಬಿತು. ನಮ್ಮನೆಯಲ್ಲಿ ಬೇರೆ ಥರ. 'ನಿನ್ನ ತವರಿನಿಂದ ತಂದ ಕಾಯಿಲೆ' ಅಂತ ಅತ್ತೆ ಇವತ್ತಿಗೂ ಅನ್ನುತ್ತಾರೆ. ಸುಮಾರು ಮೂರರಲ್ಲಿ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇಲ್ಲದೆ ಹೊಸದಾಗಿಯೇ ಬರುತ್ತದೆ ಅಂತ ಡಾಕ್ಟರು ಹೇಳಿದ್ದಾರೆ. ನಾನು ಹೇಳಿದರೆ ಯಾರು ಕೇಳುತ್ತಾರೆ? ಸರ್ಕಾರದವರು ಊರಿಗೆ ಬಂದು ಹೇಳಿದರೆ ಕೇಳುತ್ತಾರೆ.

ಚನ್ನಗಿರಿ ಪಿಟಿ ಮೇಷ್ಟ್ರು:
ತಿಂಗಳು ಬೇಕು. ಆದರೆ ಮಾರ್ಚ್ ಬೇಡ ತಾಯಿ. ಮಾರ್ಚ್ ಅಂದರೆ ನಮಗೆ ಪರೀಕ್ಷೆ. ಏಪ್ರಿಲ್ 17ಕ್ಕೆ ಬೇಸಿಗೆ ರಜೆ, ಶಾಲೆಗೆ ಬೀಗ. ಹೀಗಾಗಿ ಇಷ್ಟು ವರ್ಷದ ಸರ್ವೀಸ್‌ನಲ್ಲಿ ಆ ದಿನದ ಸುದ್ದಿಯೇ ನನ್ನ ಕಿವಿಗೆ ಬಿದ್ದಿಲ್ಲ.

ಒಬ್ಬ ಹುಡುಗ ಪದೇ ಪದೇ ಕಾಲು ನೋವು ಅನ್ನುತ್ತಿದ್ದ. ಗಾಯ ಇಲ್ಲ, ಏನಿಲ್ಲ. ನೆಪ ಹೇಳುತ್ತಾನೆ ಅಂದುಕೊಂಡು ಮೈದಾನ ಎರಡು ಸುತ್ತು ಓಡಿಸಿದೆ. ಮಾರನೇ ದಿನ ಅವರಪ್ಪ ಎತ್ತಿಕೊಂಡೇ ಬಂದರು. ಮೊಣಕಾಲು ಮುಟ್ಟಿದರೆ ಒಲೆ ಮೇಲಿಟ್ಟ ಪಾತ್ರೆ ಹಾಗೆ ಬಿಸಿ. ಆ ಹುಡುಗನ ಕಾಲು ಈಗಲೂ ಪೂರ್ತಿ ಚಾಚುವುದಿಲ್ಲ. ನನಗೆ ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ ಓಡಿಸುತ್ತಿರಲಿಲ್ಲ. ಜೂನ್‌ನಲ್ಲಿ ಮಕ್ಕಳು ಬಂದು ಸೇರುತ್ತಾರೆ. ಜುಲೈ ತಿಂಗಳು ಕೇಳಿ.

ಜಗಳೂರು ಮೆಡಿಕಲ್ಸ್ ಅಣ್ಣ:
ಮೇಷ್ಟ್ರೇ, ನಿಮ್ಮ ಮಾತು ನನಗೂ ತಟ್ಟಿತು. ಕಾಲು ನೋವು ಅಂತ ಬಂದವರಿಗೆ ಕೌಂಟರ್‌ನಲ್ಲಿ ನಾವು ಥಟ್ಟನೆ ಮಾತ್ರೆ ಕೊಡುತ್ತೇವೆ. ಈ ಕಾಯಿಲೆ ಇದ್ದವರಿಗೆ ಆಸ್ಪಿರಿನ್, ಐಬುಪ್ರೊಫೆನ್ ಕೊಟ್ಟರೆ ರಕ್ತ ಇನ್ನೂ ಜಾಸ್ತಿ ಹೋಗುತ್ತದೆ. ಕೇಳಿ ಕೊಡುವವರು ಎಷ್ಟು ಜನ ಇದ್ದೇವೆ? ಆದರೂ ನನ್ನ ಹಟ ಬಿಡುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಹೇಳಿರುವ 21 ಬಗೆಯಲ್ಲಿ ಹಿಮೋಫಿಲಿಯಾ ಕೂಡ ಒಂದು. ಸರ್ಕಾರ ಗುರುತಿಸಿಲ್ಲ ಅಂತಲ್ಲ, ಕಾಗದದ ಮೇಲೆ ಗುರುತಿಸಿದೆ. ಇನ್ನೊಂದು ಕಾಗದ ಬಂದರೆ ನಮ್ಮ ಫ್ರಿಜ್ ತುಂಬುತ್ತದಾ?

ಕೋಟೆ ಊರಿನ ಹುಡುಗಿ, ಚಿತ್ರದುರ್ಗ:
ಕೇಳುವವರು ಜಾಸ್ತಿ ಆದರೆ ತುಂಬುತ್ತದೆ ಅಣ್ಣಾ. ಕರ್ನಾಟಕ ಹಿಮೋಫಿಲಿಯಾ ಸೊಸೈಟಿ ನಿಮ್ಮ ದಾವಣಗೆರೆಯಲ್ಲೇ ಇದೆ ಅಲ್ವಾ? ಕಟ್ಟಿದ ಡಾ. ಸುರೇಶ್ ಹನಗವಾಡಿ ಅವರಿಗೂ ಇದೇ ಕಾಯಿಲೆ. ಇದ್ದವರು ಬಾಯಿ ಬಿಟ್ಟು ಹೇಳಿದ್ದರಿಂದಲೇ ಇಷ್ಟಾದರೂ ಆಗಿದೆ.

ಹರಿಹರದ ಅಮ್ಮ:
ಮನವಿಯಲ್ಲಿ ಮಾರ್ಚ್ ಹೊಡೆದು ಜುಲೈ ಅಂತ ಬರೆದೆ. ಅಣ್ಣಾ, ತಾಲ್ಲೂಕು ಆಸ್ಪತ್ರೆಯ ಫ್ರಿಜ್ ಮೊದಲನೇ ಸಾಲಿನಲ್ಲೇ ಇದೆ. ತಂಗೀ, ಮುಟ್ಟಿನ ವಿಷಯ ನೀನೇ ಬರೆದು ಕಳಿಸು, ನನಗೆ ಅಷ್ಟು ಚೆನ್ನಾಗಿ ಬರುವುದಿಲ್ಲ.

ಜಗಳೂರು ಮೆಡಿಕಲ್ಸ್ ಅಣ್ಣ:
ಹಾಗಾದರೆ ಸಹಿ ಹಾಕುತ್ತೇನೆ ಅಕ್ಕಾ. ಎರಡನೇ ಸಾಲಿಗೆ ಮೆಡಿಕಲ್ ಶಾಪ್‌ನವರಿಗೂ ತರಬೇತಿ ಅಂತ ಸೇರಿಸಿ.