ಯೀಸ್ಟ್ ಕೆಲಸ ಮಾಡುತ್ತಿರುವಾಗಲೇ ಎಥನಾಲ್ ಹೊರತೆಗೆಯಬಹುದೇ?

ಪ್ರಶ್ನೆ: ನಮಸ್ಕಾರ ಮೇಡಂ. 5 ಲೀಟರ್ ಫರ್ಮೆಂಟರ್‌ನಲ್ಲಿ ಎಥನಾಲ್ ತಯಾರಿಸುತ್ತಿದ್ದೇನೆ. ಮೊದಲ ದಿನ ಗುಳ್ಳೆ ಜೋರಾಗಿ ಏಳುತ್ತೆ. ಎಥನಾಲ್ ಶೇ. 10ರ ಹತ್ತಿರ ಬಂದಾಗ, ಸಕ್ಕರೆ ಉಳಿದಿದ್ದರೂ ಎಲ್ಲ ಮಂದವಾಗುತ್ತೆ. ಆಗಿಂದಾಗ್ಗೆ ಎಥನಾಲ್ ತೆಗೆದರೆ ಮುಂದುವರಿಯುತ್ತಾ? ಏಳುವ ಕಾರ್ಬನ್ ಡೈಆಕ್ಸೈಡೇ ಅದನ್ನು ಹೊತ್ತೊಯ್ಯಲ್ವಾ?

ಉತ್ತರ: ಮುಂದುವರಿಯುತ್ತೆ. ಎಥನಾಲ್ ಯೀಸ್ಟ್ ಕೋಶದ ಪೊರೆಯನ್ನು ಸಡಿಲ ಮಾಡುತ್ತೆ. ಒಳಗೆ ಸೋರುವ ಪ್ರೋಟಾನುಗಳನ್ನು (ಹೈಡ್ರೋಜನ್ ಅಯಾನುಗಳನ್ನು) ಹೊರದಬ್ಬುವುದರಲ್ಲೇ ಕೋಶದ ಶಕ್ತಿ ಕರಗುತ್ತೆ. ಆದರೆ ನಿಮ್ಮಲ್ಲಿ ಕಾರಣ ಎಥನಾಲೇ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಮಂದವಾದ ದ್ರವವನ್ನು ಎರಡು ಫ್ಲಾಸ್ಕಿಗೆ ಹಾಕಿ. ಒಂದಕ್ಕೆ ಯೀಸ್ಟ್ ಪೋಷಕಾಂಶ ಸೇರಿಸಿ, ಇನ್ನೊಂದಕ್ಕೆ, ಎಥನಾಲ್ ತೆಳುವಾಗಲು, ಅದರಲ್ಲಿರುವ ದ್ರವದಷ್ಟೇ ಬರೀ ಸಕ್ಕರೆ ನೀರು ಬೆರೆಸಿ. ಎರಡನೆಯದು ಮಾತ್ರ ಚೇತರಿಸಿಕೊಂಡರೆ ಎಥನಾಲ್ ಮೇಲೆ ಅನುಮಾನ ಗಟ್ಟಿ. ಮೊದಲನೆಯದರಲ್ಲೇ ಗುಳ್ಳೆ ಎದ್ದರೆ ಸಾರಜನಕವೋ ವಿಟಮಿನ್ನೋ ಕಡಿಮೆಯಾಗಿತ್ತು ಅಷ್ಟೆ.

ಇನ್ನು ಅನಿಲದ ಲೆಕ್ಕ. ಒಂದು ಎಥನಾಲ್ ಅಣುವಿನ ಜೊತೆ ಹುಟ್ಟುವುದು ಒಂದೇ ಕಾರ್ಬನ್ ಡೈಆಕ್ಸೈಡ್ ಅಣು. 35 ಡಿಗ್ರಿಯಲ್ಲಿ ಶೇ. 5 ಎಥನಾಲ್ ಇರುವ ದ್ರವದಿಂದ ಒಂದು ಅಣುವನ್ನು ಮೇಲೆತ್ತಲು ಹೆಚ್ಚುಕಡಿಮೆ 60-70 ಅಣುಗಳಷ್ಟು ಅನಿಲ ಬೇಕು. ಹಾಗಾಗಿ ಅದೇ ಅನಿಲವನ್ನು ಪಂಪಿನಿಂದ ಮತ್ತೆ ಮತ್ತೆ ತಳದಿಂದ ಊದಿ, ಅದು ಹೊತ್ತು ತಂದ ಎಥನಾಲ್ ಆವಿಯನ್ನು ಮೇಲೆ ತಣ್ಣನೆಯ ಕಂಡೆನ್ಸರ್‌ನಲ್ಲಿ (ಆವಿಯನ್ನು ದ್ರವವಾಗಿಸುವ ಸಾಧನ) ಇಳಿಸಿಕೊಳ್ಳಬೇಕು. ಇಳಿದದ್ದರಲ್ಲಿ ಎಥನಾಲ್ ಸುಮಾರು ಮೂರನೇ ಒಂದು ಪಾಲು, ಉಳಿದದ್ದು ನೀರು. ನೊರೆ ಕಂಡೆನ್ಸರ್‌ವರೆಗೂ ಏರದಂತೆ ಫರ್ಮೆಂಟರ್‌ನ ಮೇಲ್ಭಾಗದಲ್ಲಿ ಸಾಕಷ್ಟು ಖಾಲಿ ಜಾಗ ಬಿಡಿ.

ಪ್ರಶ್ನೆ: ನಿರ್ವಾತ ಪಂಪ್ ಹಾಕಿದರೆ ಸುಲಭ ಅಲ್ವಾ ಮೇಡಂ? ಇಳುವರಿಯೂ ಹೆಚ್ಚಾಗುತ್ತಾ?

ಉತ್ತರ: ನಿರ್ವಾತದಲ್ಲಿ ವೇಗ ಬೆರಗು ಹುಟ್ಟಿಸುವಂಥದ್ದು. 1977ರಲ್ಲಿ ಸೈಸ್ಯೂಸ್ಕಿ ಮತ್ತು ವಿಲ್ಕಿ ಎಂಬ ಸಂಶೋಧಕರು 50 ಮಿ.ಮೀ. ಪಾದರಸದ ಒತ್ತಡದಲ್ಲಿ, ಹೊರಬಂದ ಯೀಸ್ಟನ್ನು ಟ್ಯಾಂಕಿಗೆ ಮರಳಿಸುತ್ತಾ, ಗಂಟೆಗೆ ಲೀಟರಿಗೆ 82 ಗ್ರಾಂ ಎಥನಾಲ್ ಪಡೆದರು. ಇವೆರಡೂ ಇಲ್ಲದ ಸಾಮಾನ್ಯ ನಿರಂತರ ಫರ್ಮೆಂಟೇಶನ್‌ನಲ್ಲಿ ಅವರಿಗೆ ಸಿಕ್ಕಿದ್ದು 7 ಗ್ರಾಂ. ಆದರೆ ಹುಟ್ಟುವ ಕಾರ್ಬನ್ ಡೈಆಕ್ಸೈಡನ್ನೆಲ್ಲ ಆ ಕಡಿಮೆ ಒತ್ತಡದಿಂದ ಎಳೆದು ಹೊರಹಾಕಲು ಪಂಪಿಗೆ ಭಾರೀ ವಿದ್ಯುತ್ ಬೇಕು. ಕೋಶದ ಪೊರೆ ಕಟ್ಟಿಕೊಳ್ಳಲು ಯೀಸ್ಟಿಗೆ ಸ್ವಲ್ಪ ಆಮ್ಲಜನಕವನ್ನೂ ಕೊಡಬೇಕಾಗುತ್ತೆ. ದೊಡ್ಡ ಟ್ಯಾಂಕಿಗೆ ನಾನಾದರೆ ಅನಿಲದ ದಾರಿಯನ್ನೋ, ಎಥನಾಲನ್ನು ಹೆಚ್ಚಾಗಿ ಬಿಟ್ಟುಕೊಡುವ ಸಿಲಿಕೋನ್ ಪೊರೆಯನ್ನೋ ಮೊದಲು ನೋಡುತ್ತೇನೆ.

ಇಳುವರಿಯ ಮಿತಿ ಬದಲಾಗಲ್ಲ. ಒಂದು ಗ್ರಾಂ ಗ್ಲೂಕೋಸಿಗೆ ಹೆಚ್ಚೆಂದರೆ 0.51 ಗ್ರಾಂ. ಲಾಭ ಇರುವುದು ಅದೇ ಟ್ಯಾಂಕಿಗೆ ಗಟ್ಟಿ ಸಕ್ಕರೆ ಪಾಕ ಉಣಿಸಬಹುದು ಅನ್ನೋದರಲ್ಲಿ. ನೀರು ಕಡಿಮೆ, ಸ್ಪೆಂಟ್ ವಾಶ್ (ಬಟ್ಟಿ ಇಳಿಸಿದ ಮೇಲೆ ಉಳಿಯುವ ತ್ಯಾಜ್ಯ ದ್ರವ) ಕಡಿಮೆ, ಬಟ್ಟಿ ಇಳಿಸುವಾಗ ಹಬೆಯೂ ಕಡಿಮೆ. ಒಂದು ಎಚ್ಚರ: ಗ್ಲಿಸರಾಲ್, ಲವಣಗಳು ಆವಿಯಾಗದೆ ಒಳಗೇ ಸೇರುತ್ತಾ ಹೋಗುತ್ತವೆ. ಆಗಾಗ ಸ್ವಲ್ಪ ದ್ರವ ಹೊರಬಿಡದಿದ್ದರೆ ಎಥನಾಲ್ ಇಲ್ಲದಿದ್ದರೂ ಯೀಸ್ಟ್ ಮತ್ತೆ ಸೊರಗುತ್ತೆ.